ಬೆರಳ ತುದಿಯ 96 ಮತ್ತು ಆಸ್ಪತ್ರೆಯ ಲೆಕ್ಕ

ನಿಮ್ಮ ಪತ್ರದ ಸಾರ ಇಷ್ಟು: ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವ ನಿಮ್ಮ ತಂದೆಯವರು ದಿನಕ್ಕೆ ಹದಿನೈದು ಸಿಗರೇಟು ಸೇದುತ್ತಾರೆ. ‘ಸೇದುವವರಿಗೆ ಕೊರೊನಾ ಕಡಿಮೆ ಅಂತ 2020ರಲ್ಲೇ ಬಂದಿತ್ತಲ್ಲ’ ಎನ್ನುತ್ತಾರೆ. ನೆಗಡಿ, ಜ್ವರ ಬಂದಾಗ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಶೇಕಡಾ ಮಟ್ಟ ನೋಡುವ ಆಕ್ಸಿಮೀಟರ್ 96 ತೋರಿಸಿದರೆ ನಿಶ್ಚಿಂತೆಯಾಗಿರಬಹುದೇ ಎಂದು ನೀವು ಕೇಳಿದ್ದೀರಿ.

ಇರಲಾಗದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಕ್ಸಿಮೀಟರ್ ಎರಡು ಬಗೆಯ ಬೆಳಕು ಹಾಯಿಸಿ ಲೆಕ್ಕ ಹಾಕುವ ಯಂತ್ರ. ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ ಅದರ ಕಣ್ಣಿಗೆ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಬಿಡದೆ ಸೇದುವವರ ರಕ್ತದಲ್ಲಿ ಇಂಥದ್ದು ಶೇ. 5ರಿಂದ 10ರವರೆಗೂ ಇರಬಹುದು. ಅಂದರೆ ಆ 96ರೊಳಗೆ ನಿಜವಾದ ಆಮ್ಲಜನಕ 90ರ ಆಸುಪಾಸಿನಲ್ಲಿ ಇದ್ದೀತು. ಸೇದುವುದು ನಿಲ್ಲಿಸಿದರೆ ನಾಲ್ಕೈದು ಗಂಟೆಗೆ ಈ ಅನಿಲ ಅರ್ಧಕ್ಕೆ ಇಳಿಯುತ್ತದೆ.

ಆದ್ದರಿಂದ ಯಂತ್ರದ ಜೊತೆಗೆ ಮನುಷ್ಯನನ್ನೂ ನೋಡಿ. ಅವರು ಸುಮ್ಮನೆ ಕೂತಿರುವಾಗ, ಅವರಿಗೆ ತಿಳಿಸದೆ, ಪೂರ್ತಿ ಒಂದು ನಿಮಿಷ ಉಸಿರಾಟ ಎಣಿಸಿ. ಎಣಿಸುತ್ತಿದ್ದೀರೆಂದು ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ. 24 ದಾಟಿದರೆ, ಆಕ್ಸಿಮೀಟರ್ ಅಂಕಿ ಆರೋಗ್ಯವಾಗಿದ್ದಾಗಿನದಕ್ಕಿಂತ ಮೂರು-ನಾಲ್ಕು ಇಳಿದರೆ, ಏದುಸಿರು ಹೆಚ್ಚಾಗಿ ಕಫ ಜಾಸ್ತಿಯಾದರೆ ಅಥವಾ ಹಳದಿ, ಹಸಿರಿಗೆ ತಿರುಗಿದರೆ ಅಂದೇ ವೈದ್ಯರಿಗೆ ತೋರಿಸಿ. ಒಂದು ವಾಕ್ಯ ಮುಗಿಸಲಾರದಷ್ಟು ದಮ್ಮು, ನೀಲಿಗಟ್ಟಿದ ತುಟಿ, ಮಂಪರು, ತಬ್ಬಿಬ್ಬು ಇವು ಕಂಡರೆ ಕಾಯುವಂತೆಯೇ ಇಲ್ಲ. ಮನೆಯಲ್ಲಿ ಆಮ್ಲಜನಕ ಇದ್ದರೆ ಗಾಬರಿಯಲ್ಲಿ ಹರಿವು ಏರಿಸಬೇಡಿ. ಸಿಒಪಿಡಿಯಲ್ಲಿ ಆಮ್ಲಜನಕ ಕೊಡುವಾಗ ಆಕ್ಸಿಮೀಟರ್ ಅಂಕಿಯ ಸಾಮಾನ್ಯ ಗುರಿ 88ರಿಂದ 92. ಮಿತಿಮೀರಿದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿದು ಮಂಪರು ತರಿಸುತ್ತದೆ.

ಇನ್ನು 2020ರ ಮಾತು. ಆಸ್ಪತ್ರೆ ಸೇರಿದವರಲ್ಲಿ ಸೇದುವವರು ಕಡಿಮೆ ಎಂದು ಆಗ ಕೆಲವು ವರದಿಗಳು ಬಂದದ್ದು ನಿಜ. ಆದರೆ ಏದುಸಿರು ಬಿಡುತ್ತಾ ಬಂದವರ ಸೇದುವ ಚಟವನ್ನು ಆ ಗಡಿಬಿಡಿಯಲ್ಲಿ ಸರಿಯಾಗಿ ಬರೆದುಕೊಂಡವರು ಯಾರು? ವಾರದ ಹಿಂದೆ ಕಾಯಿಲೆಯಿಂದಾಗಿ ಬಿಟ್ಟವರೂ ‘ಸೇದುವುದಿಲ್ಲ’ ಎಂಬ ಸಾಲಿಗೆ ಸೇರಿದರು. ಇಂಥದೊಂದು ಪ್ರಬಂಧವನ್ನು ಯುರೋಪಿಯನ್ ರೆಸ್ಪಿರೇಟರಿ ಜರ್ನಲ್ 2021ರಲ್ಲಿ ಹಿಂತೆಗೆದುಕೊಂಡಿತು. ಇಬ್ಬರು ಲೇಖಕರು ತಂಬಾಕು ಉದ್ಯಮದೊಂದಿಗಿನ ನಂಟನ್ನು ಮುಚ್ಚಿಟ್ಟಿದ್ದರು. ಅದೇ ವರ್ಷ, ಬ್ರಿಟನ್ನಿನ ಆರೋಗ್ಯ ದತ್ತಾಂಶ ಭಂಡಾರವಾದ ಯುಕೆ ಬಯೋಬ್ಯಾಂಕ್‌ನ 4 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಜಾಲಾಡಿದ ಅಧ್ಯಯನದಲ್ಲಿ, ಸೇದುವವರು ಕೋವಿಡ್‌ನಿಂದ ಆಸ್ಪತ್ರೆ ಸೇರುವ ಸಾಧ್ಯತೆ ಎಂದೂ ಸೇದದವರಿಗಿಂತ ಶೇ. 80ರಷ್ಟು ಹೆಚ್ಚಿರುವುದು ಕಂಡಿತು.

ಕಾರಣ ಶ್ವಾಸನಾಳದಲ್ಲೇ ಇದೆ. ಅದರ ಒಳಗೋಡೆಯ ಸೂಕ್ಷ್ಮ ರೋಮಗಳು ಕಫದ ಪದರವನ್ನು, ಅದರಲ್ಲಿ ಸಿಕ್ಕಿಬಿದ್ದ ವೈರಸ್ ಸಮೇತ, ಗಂಟಲ ಕಡೆಗೆ ತಳ್ಳುತ್ತಿರುತ್ತವೆ. ಹೊಗೆ ಆ ರೋಮಗಳನ್ನು ಮರಗಟ್ಟಿಸಿ, ಕಫವನ್ನು ಹೆಚ್ಚಿಸುತ್ತದೆ. ಕಸ ಹೆಚ್ಚು, ಗುಡಿಸುವವರಿಲ್ಲ. ಸಾಮಾನ್ಯ ನೆಗಡಿಯ ರೈನೊವೈರಸ್ ಕೂಡ ಮೊದಲೇ ಕಿರಿದಾದ ನಾಳವನ್ನು ಊದಿಸಿ ಕಟ್ಟಿಹಾಕುತ್ತದೆ. ಹಿಂದೆಯೇ ಬ್ಯಾಕ್ಟೀರಿಯಾ ನುಗ್ಗುತ್ತದೆ. ಬೇರೆಯವರಿಗೆ ಮೂರು ದಿನದ ಮೂಗುಸೋರಿಕೆ, ಇವರಿಗೆ ಆಸ್ಪತ್ರೆ.

ಫ್ಲೂ, ನ್ಯುಮೊಕಾಕಲ್ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ್ದು), ಕೋವಿಡ್ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಫ್ಲೂ ಅನುಮಾನವಿದ್ದರೆ ಮೊದಲ 48 ಗಂಟೆಯೊಳಗೇ ಹೋಗಿ. ಫ್ಲೂ ವೈರಸ್ಸಿನ ಔಷಧ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಆಗಲೇ. ಇನ್ಹೇಲರ್ ನಿಲ್ಲಿಸಬೇಡಿ. ಸ್ಪೇಸರ್‌ಗೆ (ಇನ್ಹೇಲರ್‌ಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಒಂದು ಸಲಕ್ಕೆ ಒಂದೇ ಪಫ್. ಎರಡು ಒಟ್ಟಿಗೆ ಒತ್ತಿದರೆ ಔಷಧ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಎದೆಗಿಳಿಯುವುದಿಲ್ಲ.

ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಹೆಚ್ಚಾದರೆ ‘ಬಿಟ್ಟದ್ದರಿಂದಲೇ ಕೆಟ್ಟಿತು’ ಎಂದಾರು; ರೋಮಗಳು ಮತ್ತೆ ಕೆಲಸಕ್ಕೆ ಇಳಿದಿರಬಹುದು ಎಂದು ತಿಳಿಸಿ. ಕಫದ ಬಣ್ಣ ತಿರುಗಿದರೆ ಮಾತ್ರ ಮೇಲೆ ಹೇಳಿದಂತೆ ತೋರಿಸಿಯೇ ಬಿಡಿ. ಅವರು ಶ್ವಾಸನಾಳ ಹಿಗ್ಗಿಸುವ ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಹೊಗೆ ಈ ಔಷಧವನ್ನು ಯಕೃತ್ತು ಬೇಗ ಕರಗಿಸುವಂತೆ ಮಾಡುತ್ತದೆ. ಸೇದುವುದು ನಿಂತರೆ ಅದೇ ಮಾತ್ರೆ ರಕ್ತದಲ್ಲಿ ಏರುತ್ತದೆ. ಫ್ಲೂ ಜ್ವರವೂ ಸೇರಿದರೆ ಇನ್ನೂ ಏರಿ ವಾಂತಿ, ಎದೆಬಡಿತ, ಫಿಟ್ಸ್‌ವರೆಗೂ ಹೋಗಬಹುದು. ನಿಕೋಟಿನ್ ಪ್ಯಾಚ್ ಹಚ್ಚಿದರೂ ಇದು ತಪ್ಪದು, ಏಕೆಂದರೆ ಯಕೃತ್ತನ್ನು ಚುರುಕುಗೊಳಿಸುವುದು ಹೊಗೆಯ ಟಾರೇ ಹೊರತು ನಿಕೋಟಿನ್ ಅಲ್ಲ. ಬಿಡುವ ದಿನ ಗೊತ್ತುಮಾಡಿಕೊಂಡರೆ, ಅದಕ್ಕೂ ಮುಂಚೆ ಆ ಮಾತ್ರೆಯ ಸ್ಟ್ರಿಪ್ಪನ್ನು ವೈದ್ಯರ ಮುಂದಿಟ್ಟು ಪ್ರಮಾಣ ಎಷ್ಟು ಇಳಿಸಬೇಕೆಂದು ಕೇಳಿ.