ಬ್ರೂಕ್ ಬಾಂಡ್ ಲಿಪ್ಟನ್ ಷೇರುಪತ್ರ ರದ್ದಿಯಲ್ಲ

ನಿಮ್ಮ ದಿವಂಗತ ತಂದೆಯವರ ಟ್ರಂಕಿನಲ್ಲಿ ಬ್ರೂಕ್ ಬಾಂಡ್ ಲಿಪ್ಟನ್‌ನ 100 ಷೇರುಗಳ ಪತ್ರ ದೊರೆತಿದೆ, ಅದಕ್ಕೆ ಬೆಲೆ ಇದೆಯೇ ಎಂದು ಕೇಳಿದ್ದೀರಿ. ಆ ಕಂಪನಿ ಈಗ ಷೇರುಪೇಟೆಯ ಯಾವ ಪಟ್ಟಿಯಲ್ಲೂ ಕಾಣದಿರುವುದಕ್ಕೆ ಕಾರಣ ವಿಲೀನವೇ ಹೊರತು ದಿವಾಳಿಯಲ್ಲ. ಬ್ರೂಕ್ ಬಾಂಡ್ ಲಿಪ್ಟನ್ ಇಂಡಿಯಾ 1996ರಲ್ಲಿ ಹಿಂದೂಸ್ತಾನ್ ಲಿವರ್‌ನಲ್ಲಿ ಸೇರಿಹೋಯಿತು. ಆ ಕಂಪನಿಯೇ 2007ರಿಂದ ಹಿಂದೂಸ್ತಾನ್ ಯೂನಿಲಿವರ್. ವಿಲೀನದಲ್ಲಿ ಹಳೆಯ 20 ಷೇರಿಗೆ ಹಿಂದೂಸ್ತಾನ್ ಲಿವರ್‌ನ 9ರಂತೆ ನಿಮ್ಮ 100ಕ್ಕೆ 45 ಸಲ್ಲಬೇಕಿತ್ತು. 2000ದಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು ಒಂದು ರೂಪಾಯಿಯ ಹತ್ತಾಗಿ ಒಡೆದದ್ದರಿಂದ ಅವು 450 ಆಗುತ್ತವೆ. ಹಿಂದೂಸ್ತಾನ್ ಯೂನಿಲಿವರ್‌ನಿಂದ ಐಸ್‌ಕ್ರೀಮ್ ವ್ಯವಹಾರ ಬೇರ್ಪಟ್ಟಿದ್ದರಿಂದ ಷೇರಿಗೊಂದರಂತೆ ಕ್ವಾಲಿಟಿ ವಾಲ್ಸ್‌ನ ಷೇರೂ ಸಲ್ಲುತ್ತದೆ, ಅದನ್ನು ಕೇಳಲು ಮರೆಯಬೇಡಿ.

ಮೊದಲು ಪತ್ರದ ಮೇಲಿನ ಫೋಲಿಯೊ ಸಂಖ್ಯೆ (ಷೇರುದಾರರ ಖಾತೆ ಸಂಖ್ಯೆ) ಮತ್ತು ತಂದೆಯವರ ಹೆಸರನ್ನು ಅಲ್ಲಿರುವ ಅಕ್ಷರಗಳಲ್ಲೇ ನಮೂದಿಸಿ, ಹಿಂದೂಸ್ತಾನ್ ಯೂನಿಲಿವರ್‌ನ ರಿಜಿಸ್ಟ್ರಾರ್ (ಷೇರುದಾರರ ದಾಖಲೆ ಇಡುವ ಸಂಸ್ಥೆ) ಆದ ಹೈದರಾಬಾದಿನ ಕೆಫಿನ್ ಟೆಕ್ನಾಲಜೀಸ್‌ಗೆ ಬರೆದು, ಷೇರುಗಳು ಈಗ ಯಾರ ಹೆಸರಿನಲ್ಲಿವೆ ಎಂದು ವಿಚಾರಿಸಿ. ತಂದೆಯವರು ಆಗಲೇ ಹೊಸ ಪತ್ರ ಪಡೆದು ಮಾರಿದ್ದರೋ ಇಲ್ಲವೋ ಎಂಬುದನ್ನು ಹಳೆಯ ಕಾಗದ ನೋಡಿ ಹೇಳಲಾಗದು. ನನ್ನ ಮಾವನವರ ಪತ್ರದ ವಿಷಯದಲ್ಲಿ ಇನಿಷಿಯಲ್ ವ್ಯತ್ಯಾಸವೊಂದಕ್ಕೇ ಎರಡು ತಿಂಗಳು ಹಿಡಿಯಿತು.

ಷೇರುಗಳು ಇನ್ನೂ ಅವರ ಹೆಸರಿನಲ್ಲೇ ಇದ್ದರೆ ಮರಣ ಪ್ರಮಾಣಪತ್ರ ಮತ್ತು ವಾರಸು ದಾಖಲೆಗಳನ್ನು ಕೊಟ್ಟು ನಿಮ್ಮ ಡಿಮ್ಯಾಟ್ ಖಾತೆಗೆ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿಡುವ ಖಾತೆ) ವರ್ಗಾಯಿಸಿಕೊಳ್ಳಬಹುದು. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಅವು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತವೆ; ಆಗ ಷೇರು ನಿಮಗೆ ಸಲ್ಲಬೇಕೆಂಬ ಹಕ್ಕುಪತ್ರವನ್ನು ಕಂಪನಿಯಿಂದ ಪಡೆದು, ಐಇಪಿಎಫ್-5 ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ. ಶೇಕಡಾವಾರು ಕಮಿಷನ್ ಕೇಳುವ ಮಧ್ಯವರ್ತಿಗಳ ಕೈಗೆ ಮೂಲ ಪತ್ರವನ್ನು ಕೊಡಬೇಡಿ.