ಕುದುರೆಗೆ ಹೆಂಪ್ ಸೀಡ್ ಪೌಡರ್ ಕೊಡ್ಬೋದಾ, ನಶೆ ಏರಲ್ವಾ?

ನಶೆ ಏರಲ್ಲ ಸರ್, ಆ ಭಯ ಬಿಟ್ಬಿಡಿ. ಹೆಂಪ್ ಅಂದ್ರೆ ಗಾಂಜಾ ಜಾತೀದೇ ಗಿಡ, ನಿಜ. ಅಮಲು ಬರ್ಸೋ ಟಿಎಚ್‌ಸಿ ಇರೋದು ಗಾಂಜಾ ಗಿಡದ ಹೂವು, ಸೊಪ್ಪಲ್ಲಿ, ಬೀಜದ ಒಳಗಲ್ಲ, ಬೀಜಕ್ಕೆ ಏನಾದ್ರೂ ಅಂಟಿದ್ರೆ ಸಿಪ್ಪೆ ಮೇಲಿನ ಜಿಗಟಿಂದ ಒಂಚೂರು ಅಷ್ಟೇ. 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆ ಕೂಡ ಬರೀ ಬೀಜನ ಗಾಂಜಾ ಅಂತ ಲೆಕ್ಕಕ್ಕೆ ತಗೊಳಲ್ಲ. 2021ರಲ್ಲಿ ಆಹಾರ ಸುರಕ್ಷತೆ ನೋಡ್ಕೊಳೋ ಎಫ್‌ಎಸ್‌ಎಸ್‌ಎಐನವ್ರು ಹೆಂಪ್ ಬೀಜ, ಎಣ್ಣೆ, ಹಿಟ್ಟು ಮೂರನ್ನೂ ಜನ ತಿನ್ನೋ ಆಹಾರ ಅಂತ ಒಪ್ಕೊಂಡು ಬೀಜಕ್ಕೆ ಕೆಜಿಗೆ 5 ಮಿಲಿಗ್ರಾಂ ಟಿಎಚ್‌ಸಿ ಮೀರಬಾರ್ದು ಅಂತ ಮಿತಿ ಹಾಕಿದಾರೆ. ಉತ್ತರಾಖಂಡದ ಮನೆಗಳಲ್ಲಿ ಈ ಬೀಜದ ಚಟ್ನೀನೇ ಅರೀತಾರೆ. ಆದ್ರೆ ಸಿಬಿಡಿ (ಆ ಗಿಡದಲ್ಲಿರೋ ಇನ್ನೊಂದು ರಾಸಾಯನಿಕ) ಎಣ್ಣೆ ಅಂತ ಮಾರೋದು ಬೇರೇನೇ ಐಟಂ, ಅದು ಹೂವು ಸೊಪ್ಪಿಂದ ತೆಗೆಯೋದು, ಅದನ್ನ ಡಾಕ್ಟ್ರು ಹೇಳ್ದೆ ಕುದುರೆ ಬಾಯಿಗೆ ಹಾಕ್ಬೇಡಿ. ಮುಂದೆ ಯಾವತ್ತಾದ್ರೂ ರೇಸಿಗೋ ಕಾಂಪಿಟೇಶನ್ನಿಗೋ ಇಳಿಸೋ ಆಸೆ ಇದ್ರೆ ಈ ಬೀಜದ ಸಹವಾಸಾನೂ ಬೇಡ, ಅಲ್ಲಿ ಟೆಸ್ಟಲ್ಲಿ ಒಂಚೂರು ಸಿಕ್ರೂ ರಗಳೆ.

ನಾನು ಕುಣಿಗಲ್ ಕಡೆಯವ್ನು, ಹೈದರಾಲಿ ಟಿಪ್ಪು ಕಾಲದಿಂದ ಕುದುರೆ ಇರೋ ಊರು, ನಮ್ಮನೇಲೂ ಮದುವೆ ಮೆರವಣಿಗೆಗೆ ಅಂತ ಕುದುರೆ ಸಾಕ್ತೀವಿ. ನಿಮ್ ಪ್ರಶ್ನೇಲಿ ನನಗೆ ಕಣ್ಣಿಗೆ ಬಿದ್ದಿದ್ದು ಹೆಂಪ್ ಅಲ್ಲ, ಪಕ್ಕದಲ್ಲಿ ಬರ್ದಿರೋ ಮೇವು. ಗೌರಿಬಿದನೂರಿನ ತೋಟದಲ್ಲಿ ಮಾರ್ವಾಡಿ ಹೆಣ್ಣು ಕುದುರೆ, ದಿನಾ ನೇಪಿಯರ್ ಹುಲ್ಲು, ಎರಡು ಹೊತ್ತು ಗೋಧಿ ಬೂಸಾ, ಮೇಲೊಂದಿಷ್ಟು ಹುರುಳಿ, ಈಗ ಕೂದ್ಲು ಮಂಕಾಗಿ ಕುದುರೆ ಡಲ್ ಹೊಡೀತಿದೆ ಅಂದಿದೀರ.

ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಎಂಟು ಹತ್ತು ಪಟ್ಟು ಜಾಸ್ತಿ. ಕುದುರೆಗೆ ಬೇಕಾಗಿರೋದು ಉಲ್ಟಾ, ಕ್ಯಾಲ್ಸಿಯಂ ಫಾಸ್ಫರಸ್‌ಗಿಂತ ಒಂಚೂರು ಮೇಲೇ ಇರ್ಬೇಕು, ಕಮ್ಮಿ ಅಂತೂ ಆಗ್ಲೇಬಾರ್ದು. ಅದ್ರ ಮೇಲೆ ನೇಪಿಯರ್. ನಮ್ ಕಡೆ ಹಸು ಕಟ್ಟಿರೋರೆಲ್ಲ ಬದುಗೆ ಹಾಕಿರ್ತಾರೆ, ಕೊಯ್ದಷ್ಟೂ ಬರುತ್ತೆ, ಹಸುಗೆ ಚೆನ್ನಾಗೇ ಒಗ್ಗುತ್ತೆ. ಆದ್ರೆ ಅದ್ರಲ್ಲಿರೋ ಆಕ್ಸಲೇಟ್ ಅನ್ನೋ ಪದಾರ್ಥ ಕ್ಯಾಲ್ಸಿಯಂನ ಹಿಡ್ಕೊಂಡು ಲದ್ದಿ ಜೊತೆ ಆಚೆಗೆ ಹೊರಟೋಗುತ್ತೆ. ಮೆಲುಕು ಹಾಕೋ ಪ್ರಾಣಿಗಳ ಹೊಟ್ಟೇಲಿ ಆಕ್ಸಲೇಟ್ ಒಡೆಯೋ ಬ್ಯಾಕ್ಟೀರಿಯಾ ಮೊದಲನೇ ಚೀಲದಲ್ಲೇ ಇರ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಹೀಗೇ ತಿಂಗಳುಗಟ್ಲೆ ನಡೆದ್ರೆ ಮೈಯಿ ತನ್ನ ಮೂಳೆಯಿಂದಾನೇ ಕ್ಯಾಲ್ಸಿಯಂ ಕೀಳೋಕೆ ಶುರು ಮಾಡುತ್ತೆ, ಕಣ್ಣಿನ ಕೆಳಗೆ ಮೂತಿಯ ಎರಡೂ ಕಡೆ ಊದುತ್ತೆ, ಇವತ್ತು ಈ ಕಾಲು ನಾಳೆ ಆ ಕಾಲು ಅಂತ ಕುಂಟುತ್ತೆ. ಇಂಗ್ಲಿಷ್ ಡಾಕ್ಟ್ರುಗಳು ಬಿಗ್ ಹೆಡ್ ಅಂತಾರೆ. ನಾಳೆ ಬೆಳಿಗ್ಗೆ ಎರಡೂ ಕೈಲಿ ಮೂತಿ ಹಿಡಿದು ಮೂಳೆ ಸವರಿ ನೋಡಿ, ಎರಡೂ ಕಡೆ ಚಪ್ಪಟೆಯಾಗಿ ಸಮ ಇರ್ಬೇಕು, ದಿಂಡಾಗಿ ಉಬ್ಬಿದ ಹಂಗೆ ಸಿಕ್ರೆ ಪಶು ಆಸ್ಪತ್ರೆಗೆ ತೋರ್ಸೋದು ತಡ ಮಾಡ್ಬೇಡಿ.

ಹೆಂಪ್ ಬೀಜದಲ್ಲೂ ಫಾಸ್ಫರಸ್ಸೇ ಜಾಸ್ತಿ ಸರ್, ಕ್ಯಾಲ್ಸಿಯಂ ಕಮ್ಮಿ. ಪ್ರೋಟೀನು ನೂರಕ್ಕೆ 25ರ ಹತ್ರ, ಎಣ್ಣೆ 30ರ ಮೇಲೆ, ಒಳ್ಳೇ ಬೀಜನೇ, ಇಲ್ಲ ಅನ್ನಲ್ಲ. ಆದ್ರೆ ನೀವು ಈಗ ಕೊಡ್ತಿರೋ ಬೂಸಾ ಮೇಲೇ ಅದನ್ನ ಸುರಿದ್ರೆ ವಾಲಿರೋ ತಕ್ಕಡಿಗೆ ಅದೇ ಕಡೆ ಇನ್ನೊಂದು ಕಲ್ಲು ಇಟ್ಟಂಗೆ. ಕೂದ್ಲು ಹೊಳಪು ಬೇಕು ಅಂದ್ರೆ ಒಮೇಗಾ 3 ಅನ್ನೋ ಕೊಬ್ಬಿನಂಶ ಬೇಕು, ಹೆಂಪಲ್ಲಿ ಒಮೇಗಾ 6 ಅದ್ರ ಮೂರು ಪಟ್ಟು ಇರುತ್ತೆ, ಅದೇ ಅಗಸೆ ಬೀಜದ ಎಣ್ಣೇಲಿ ಅರ್ಧಕ್ಕಿಂತ ಜಾಸ್ತಿ ಒಮೇಗಾ 3ನೇ. ಅಗಸೆ ದಿನಸಿ ಅಂಗಡೀಲೇ ಸಿಗುತ್ತೆ, ರೇಟೂ ಎಷ್ಟೋ ಕಮ್ಮಿ, ಅವತ್ತವತ್ತಿಗೆ ಪುಡಿ ಮಾಡಿ ಒಂದು ಹಿಡಿ ಕೊಟ್ರೆ ಆಯ್ತು. ಇಡೀ ಬೀಜ ಹಾಕಿದ್ರೆ ಅಗಸೆ ಆಗ್ಲಿ ಹೆಂಪ್ ಆಗ್ಲಿ ಲದ್ದೀಲಿ ಕಾಳು ಕಾಳಾಗಿ ಹಂಗೇ ಆಚೆ ಬಿದ್ದಿರುತ್ತೆ, ನಿಮ್ ದುಡ್ಡು ಗೊಬ್ಬರದ ಗುಂಡಿಗೆ.

ಅದಕ್ಕೆ ಮೊದ್ಲು ಬೂಸಾ ದಿನಾ ದಿನಾ ಸ್ವಲ್ಪ ಸ್ವಲ್ಪವಾಗಿ ಇಳಿಸ್ಕೊಂಡು ಬಂದು ನಿಲ್ಲಿಸಿ, ನೇಪಿಯರ್ ಅರ್ಧಕ್ಕಿಂತ ಕೆಳಗೆ ತಂದು ಒಣಹುಲ್ಲು, ಅದ್ರ ಜೊತೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕೊಡಿ, ಅದ್ರಲ್ಲಿ ಕ್ಯಾಲ್ಸಿಯಂ ದಂಡಿಯಾಗಿದೆ. ಹುರುಳಿ ಇರ್ಲಿ, ಬೆರಳಲ್ಲಿ ಅಮುಕಿದ್ರೆ ಹಿಟ್ಟಾಗೋ ಹಂಗೆ ಬೇಯಿಸಿ. ಉಪ್ಪಿನ ಗಡ್ಡೆ ಲಾಯದಲ್ಲೇ ನೇತಾಕಿ. ಲದ್ದಿ ಒಂದ್ಸಲ ಟೆಸ್ಟ್ ಮಾಡ್ಸಿ, ಎಷ್ಟೋ ಸಲ ಕೂದ್ಲು ಮಂಕಾಗೋದಕ್ಕೆ ಕಾರಣ ಬರೀ ಜಂತುಹುಳ ಆಗಿರುತ್ತೆ.

ನೀವು ತರಿಸಿರೋ ಹೆಂಪ್ ಪುಡಿ ಡಬ್ಬ ಬಿಸಾಕೋದೇನ್ ಬೇಡ. ಮೇವು ಸರಿ ಆದ್ಮೇಲೆ ಒಂದೆರಡು ಚಮಚದಿಂದ ಶುರು ಮಾಡಿ, ಎರಡು ವಾರದಲ್ಲಿ ನಿಧಾನಕ್ಕೆ ಒಂದು ಹಿಡಿಗೆ ತನ್ನಿ, ಯಾಕಂದ್ರೆ ಕುದುರೆಗೆ ಪಿತ್ತಕೋಶನೇ ಇಲ್ಲ, ಎಣ್ಣೆ ಪದಾರ್ಥ ಒಂದೇ ಸಲಕ್ಕೆ ಜಾಸ್ತಿ ಹೋದ್ರೆ ಲದ್ದಿ ತೆಳ್ಳಗಾಗುತ್ತೆ. ಹಂಗಾದ್ರೆ ಅಲ್ಲಿಗೇ ನಿಲ್ಲಿಸಿ. ಡಬ್ಬ ಫ್ರಿಜ್ಜಲ್ಲಿಡಿ, ಕಮಟು ವಾಸ್ನೆ ಬಂದಿದ್ರೆ ಕುದುರೇಗೂ ಬೇಡ, ಕೋಳೀಗೂ ಬೇಡ.