ಒಂದೇ ಸ್ಟೇಷನ್, ನಾಲ್ಕು ನೆಟ್‌ವರ್ಕ್

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗಿದ್ದೆ. ಪಕ್ಕದ ಮನೆಯ ಅಜ್ಜ, ‘ನಾನು ಹುಡುಗನಾಗಿದ್ದಾಗ ಊರಿಗೆಲ್ಲ ಒಂದೇ ಟಿವಿ ಸ್ಟೇಷನ್, ಎಲ್ಲ ನೆಟ್‌ವರ್ಕ್‌ಗಳ ಕಾರ್ಯಕ್ರಮವೂ ಅದರಲ್ಲೇ’ ಅಂದರು. ಸ್ಟೇಷನ್, ನೆಟ್‌ವರ್ಕ್ ಎರಡೂ ಒಂದೇ ಅಲ್ವಾ? ಒಬ್ಬರ ಕಾರ್ಯಕ್ರಮ ಇನ್ನೊಬ್ಬರಲ್ಲಿ ಹೇಗೆ ಬರುತ್ತಿತ್ತು?
– ಓದುಗರೊಬ್ಬರು, ಮೈಸೂರು

ಉತ್ತರ: ಅಜ್ಜ ಹೇಳಿದ್ದು ನಿಜ. ನಮ್ಮ ಬೆಂಗಳೂರು ಕೇಂದ್ರ ದೂರದರ್ಶನದ್ದೇ ಆಗಿದ್ದರಿಂದ ನಮಗೆ ಎರಡೂ ಒಂದೇ ಅನ್ನಿಸುವುದು ಸಹಜ. ಅಲ್ಲಿ ಹಾಗಲ್ಲ. ಊರೂರಿಗೆ ಕಾರ್ಯಕ್ರಮ ಒದಗಿಸುವ ಕಂಪನಿ ನೆಟ್‌ವರ್ಕ್; ಅದನ್ನು ಒಂದು ಊರಿನಲ್ಲಿ ಪ್ರಸಾರ ಮಾಡುವುದು ಸ್ಟೇಷನ್. ನೆಟ್‌ವರ್ಕ್ ಕೆಲವೇ ಸ್ಟೇಷನ್‌ಗಳನ್ನು ಸ್ವಂತಕ್ಕೆ ಇಟ್ಟುಕೊಂಡು, ಉಳಿದ ಊರುಗಳಲ್ಲಿ ಬೇರೆ ಮಾಲೀಕರ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿತ್ತು. ನೆಟ್‌ವರ್ಕ್‌ನಿಂದ ಕಾರ್ಯಕ್ರಮ, ಸ್ಟೇಷನ್‌ನಿಂದ ಸಮಯ, ಜಾಹೀರಾತಿನ ದುಡ್ಡಲ್ಲಿ ಇಬ್ಬರಿಗೂ ಪಾಲು. ಈ ಕಾರ್ಯಕ್ರಮ ಬೇಡ ಅನ್ನುವ ಹಕ್ಕೂ ಸ್ಟೇಷನ್‌ಗೆ ಇತ್ತು.

ಆಗ ನೆಟ್‌ವರ್ಕ್‌ಗಳು ನಾಲ್ಕು: ಎನ್‌ಬಿಸಿ, ಸಿಬಿಎಸ್, ಎಬಿಸಿ, ಡ್ಯುಮಾಂಟ್. ಸ್ಟೇಷನ್‌ಗಳೇ ಕಡಿಮೆ. ಒಂದು ಊರಿನ ಸಿಗ್ನಲ್ ಇನ್ನೊಂದರ ಮೇಲೆ ಬಿದ್ದು ಚಿತ್ರ ಕೆಡುತ್ತಿದೆ ಅಂತ ಅಲ್ಲಿನ ಪ್ರಸಾರ ಆಯೋಗ ಎಫ್‌ಸಿಸಿ 1948ರ ಸೆಪ್ಟೆಂಬರ್‌ನಲ್ಲಿ ಹೊಸ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿತು. ಕೆಲವು ತಿಂಗಳ ಮಾತು ಅಂದುಕೊಂಡದ್ದು 1952ರ ಏಪ್ರಿಲ್‌ವರೆಗೆ ಎಳೆಯಿತು. ದೇಶಕ್ಕೆಲ್ಲ ನೂರಚಿಲ್ಲರೆ ಸ್ಟೇಷನ್ ಅಷ್ಟೇ. ಹಾಗಾಗಿ ಎಷ್ಟೋ ಊರುಗಳಲ್ಲಿ ಇದ್ದ ಒಂದೇ ಸ್ಟೇಷನ್ ನಾಲ್ವರಿಂದಲೂ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಿತ್ತು. ನೆಟ್‌ವರ್ಕ್‌ನಿಂದ ಸ್ಟೇಷನ್‌ಗೆ ಕಾರ್ಯಕ್ರಮ ತಲುಪಿಸುವ ಕೇಬಲ್ ಇನ್ನೂ ಬರದ ಊರುಗಳಿಗೆ ಟಿವಿ ಪರದೆಯನ್ನೇ ಫಿಲ್ಮ್‌ನಲ್ಲಿ ಚಿತ್ರೀಕರಿಸಿ ಆ ರೀಲು ಕಳಿಸುತ್ತಿದ್ದರು; ಅಲ್ಲಿಯವರು ಎಷ್ಟೋ ಕಾರ್ಯಕ್ರಮಗಳನ್ನು ದಿನಗಟ್ಟಲೆ ತಡವಾಗಿ, ಮಬ್ಬು ಮಬ್ಬಾಗಿ ನೋಡಬೇಕಿತ್ತು.

ಪಿಟ್ಸ್‌ಬರ್ಗ್ ಕಥೆ ಇನ್ನೂ ಜಾಸ್ತಿ ಸ್ವಾರಸ್ಯದ್ದು. 1949ರ ಜನವರಿ 11ರಂದು ಶುರುವಾದ ಡಬ್ಲ್ಯೂಡಿಟಿವಿ ಡ್ಯುಮಾಂಟ್‌ನ ಸ್ವಂತ ಸ್ಟೇಷನ್. ಡ್ಯುಮಾಂಟ್ ಮೂಲತಃ ಟಿವಿ ಸೆಟ್ ಮಾಡುವ ಕಂಪನಿ, ನಾಲ್ವರಲ್ಲಿ ಕೈಯಲ್ಲಿ ದುಡ್ಡು ಕಡಿಮೆ ಇದ್ದದ್ದು. ಎನ್‌ಬಿಸಿ, ಸಿಬಿಎಸ್‌ಗಳಿಗೆ ಇದ್ದ ಹಾಗೆ ರೇಡಿಯೊ ನೆಟ್‌ವರ್ಕ್‌ನ ಆಸರೆ ಇಲ್ಲ. ಆದರೆ ಈ ದೊಡ್ಡ ಕೈಗಾರಿಕಾ ಊರಿನಲ್ಲಿ ಎನ್‌ಬಿಸಿಯಾಗಲಿ ಸಿಬಿಎಸ್ ಆಗಲಿ ಮನೆಮನೆಗೆ ತಲುಪಬೇಕಾದರೆ ಡ್ಯುಮಾಂಟ್‌ನ ಬಾಗಿಲಿಗೇ ಬರಬೇಕಿತ್ತು. ಬೇರೆ ಊರುಗಳಲ್ಲಿ ತನ್ನ ಕಾರ್ಯಕ್ರಮಕ್ಕೆ ಜಾಗ ಕೇಳಲು ಅದಕ್ಕಿದ್ದ ದೊಡ್ಡ ಬಲ ಇದೇ.

ಅದನ್ನೇ ಮಾರಿಬಿಟ್ಟರು. 1954ರ ಕೊನೆಯಲ್ಲಿ ವೆಸ್ಟಿಂಗ್‌ಹೌಸ್ ಎಂಬ ಕಂಪನಿ ಸುಮಾರು 97 ಲಕ್ಷ ಡಾಲರ್ ಕೊಟ್ಟು ಕೊಂಡಿತು. ನಗದು ಬೇಕಾಗಿತ್ತು, ಅರ್ಥವಾಗುತ್ತದೆ. ಆದರೂ ಇದು ಡ್ಯುಮಾಂಟ್ ಮಾಡಿದ ಅತಿ ದೊಡ್ಡ ತಪ್ಪು ಅಂತಲೇ ನನಗನ್ನಿಸುತ್ತದೆ, ಯಾಕೆಂದರೆ ಅದಾದ ಮೇಲೆ ಉಳಿದವರು ಅದರ ಮಾತು ಕೇಳಲು ಕಾರಣವೇ ಇರಲಿಲ್ಲ. 1956ರ ಆಗಸ್ಟ್‌ಗೆ ನೆಟ್‌ವರ್ಕ್ ಮುಚ್ಚಿತು.

ಆ ಸ್ಟೇಷನ್ ಮಾತ್ರ ಇನ್ನೂ ಇದೆ. 1955ರಲ್ಲಿ ಕೆಡಿಕೆಎ ಅಂತ ಹೆಸರು ಬದಲಾಯಿತು. ಮಗಳ ಮನೆಯಲ್ಲಿ ನೀವು ನೋಡಿಯೇ ಇರುತ್ತೀರಿ. ಈಗ ಅದು ಸಿಬಿಎಸ್‌ನ ಸ್ವಂತದ್ದು.